ಎರಡೂವರೆ ಕಿಲೋ ಬೆಕ್ಕು

ತಿಂಗಳಿಗೊಮ್ಮೆ ನಮ್ಮ ಮನೆಯ ಬೆಕ್ಕನ್ನು ತೂಗುವುದು ನನ್ನ ರೂಢಿ. ಬಟ್ಟೆಯ ಕೈಚೀಲದೊಳಗೆ ಕೂರಿಸಿ, ಕೊಕ್ಕೆಯಿರುವ ತೂಕದ ಯಂತ್ರಕ್ಕೆ ಚೀಲದ ಹಿಡಿ ಸಿಕ್ಕಿಸಿದರೆ ಅಂಕಿ ಒಂದಷ್ಟು ಹೊತ್ತು ಓಲಾಡಿ ಎರಡೂವರೆ ಕಿಲೋದ ಹತ್ತಿರ ನಿಲ್ಲುತ್ತದೆ. ಅದಕ್ಕೀಗ ಐದು ವರ್ಷ. ಕಾಯಿಲೆಯಿಲ್ಲ, ಹಸಿವೆಗೆ ಕೊರತೆಯಿಲ್ಲ, ಹಲ್ಲಿ ಕಂಡರೆ ಬಿಡುವುದಿಲ್ಲ. ಅದರ ಮೈಯೇ ಅಷ್ಟು. ಚೆನ್ನೈನ ತಿರುವಾನ್ಮಿಯೂರಿನಲ್ಲಿ, ನಾವಿರುವ ಅಪಾರ್ಟ್‌ಮೆಂಟಿನ ಕೆಳಗೆ, ತಮಿಳರ ಐಪ್ಪಸಿ ತಿಂಗಳ ಮಳೆ ಹೊಯ್ಯುತ್ತಿದ್ದ ಒಂದು ಸಂಜೆ ಸ್ಕೂಟರಿನ ಗಾಲಿಗೂ ಗೋಡೆಗೂ ನಡುವೆ ಮುದುಡಿ ಕೂತಿದ್ದ ಮರಿ ಇದು. ಎತ್ತಿಕೊಂಡಾಗ ಅಂಗೈಯಲ್ಲಿ ಹಿಡಿಸುತ್ತಿತ್ತು.

ಮನೆಗೆ ಬಂದವರು ಮೊದಲು ಕೇಳುವುದು ಯಾವ ಬ್ರೀಡು ಎಂದು. ನಾನು ಉತ್ತರಿಸುವ ಮೊದಲೇ ಕಾವಲುಗಾರ ಹೇಳಿಬಿಡುತ್ತಾನೆ: ನಾಟ್ಟುಪ್ಪೂನೈ. ನಮ್ಮ ಕಡೆ ನಾಟಿ ಕೋಳಿ, ನಾಟಿ ಹಸು ಅಂದಂತೆ ಇದು ನಾಟಿ ಬೆಕ್ಕು. ಬಂದವರ ಕುತೂಹಲ ಅಲ್ಲಿಗೆ ಮುಗಿಯುತ್ತದೆ. ನನ್ನ ಕುತೂಹಲ ಶುರುವಾಗುವುದು ಅಲ್ಲಿಂದಲೇ.

ಪ್ರಾಣಿಗಳ ಬಗ್ಗೆ ಬರೆಯುತ್ತೇನೆಂದು ಗೊತ್ತಿರುವ ಕನ್ನಡದ ಗೆಳೆಯರು ಬೆಂಗಳೂರಿನಿಂದ, ಮೈಸೂರಿನಿಂದ ಫೋನ್ ಮಾಡುತ್ತಾರೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಫ್ಲ್ಯಾಟಿಗೆ ಒಗ್ಗುವಂಥ, ಸಣ್ಣ ಜಾತಿಯ, ಸಾಧು ಸ್ವಭಾವದ ಬೆಕ್ಕು ಯಾವುದು? ಈ ಪ್ರಶ್ನೆಯಲ್ಲಿ ಸಣ್ಣದು, ಸಾಧು ಎಂಬ ಎರಡು ಮಾತುಗಳು ಅಂಟಿಕೊಂಡುಬಿಟ್ಟಿವೆ. ಅವನ್ನು ಬಿಡಿಸಿ ನೋಡದೆ ಮನೆಗೆ ಬೆಕ್ಕು ತಂದರೆ ಬೆಕ್ಕಿಗೂ ಕಷ್ಟ, ಮನೆಯವರಿಗೂ ಕಷ್ಟ.

ನಮ್ಮ ಬೆಕ್ಕನ್ನು ದೂರದಿಂದ ನೋಡಿದರೆ ಒದ್ದೆ ಮರಳಿನ ಬಣ್ಣ. ಹುಲಿಯ ಪಟ್ಟೆಯಿಲ್ಲ, ಚಿರತೆಯ ಚುಕ್ಕೆಯಿಲ್ಲ. ಬಾಲದಲ್ಲಿ ಮಾತ್ರ ಮಸುಕಾದ ಬಳೆಗಳು, ಹಣೆಯ ಮೇಲೆ ಇಂಗ್ಲಿಷಿನ ಎಂ ಅಕ್ಷರದಂಥ ಗೆರೆ. ಬೆಳಗಿನ ಬಿಸಿಲಿಗೆ ಅದು ಕಿಟಕಿಯ ಕಟ್ಟೆಯ ಮೇಲೆ ಮಲಗಿದ್ದಾಗ ಒಂದು ಭೂತಗನ್ನಡಿ ಹಿಡಿದು ಬೆನ್ನಿನ ಕೂದಲು ನೋಡಬೇಕು. ಒಂದೊಂದು ಕೂದಲೂ ಬುಡದಲ್ಲಿ ಬಿಳಿಚು, ಮೇಲೆ ಕಂದು, ಮತ್ತೆ ಹಳದಿ, ತುದಿಯಲ್ಲಿ ಕಪ್ಪು. ಜೋಳದ ದಂಟಿನ ಗಿಣ್ಣುಗಳ ಹಾಗೆ ಒಂದೇ ಎಳೆಯ ಮೇಲೆ ಮೂರು ನಾಲ್ಕು ಪಟ್ಟಿ. ಇಂಥ ಸಾವಿರಾರು ಎಳೆ ಒತ್ತಾಗಿ ಸೇರಿದಾಗ ಕಣ್ಣಿಗೆ ಮರಳಿನ ಬಣ್ಣ ಕಾಣುತ್ತದೆ. ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ ಬಿ.ಜಿ.ಎಲ್. ಸ್ವಾಮಿಯವರು ಕಾಲ ಕೆಳಗಿನ ಗಿಡವನ್ನು ನಿಂತು ನೋಡುವುದನ್ನು ಕನ್ನಡಿಗರಿಗೆ ಕಲಿಸಿಕೊಟ್ಟರು. ಮದರಾಸಿನ ಬೀದಿ ಬೆಕ್ಕಿಗೂ ಅಷ್ಟು ಗಮನ ಸಲ್ಲಬೇಕು.

ಈ ಬಗೆಯ ಮೈಗೆ ಬೆಕ್ಕು ಸಾಕುವವರ ಭಾಷೆಯಲ್ಲಿ ಟಿಕ್ಡ್ ಕೋಟ್ ಎನ್ನುತ್ತಾರೆ. ಭ್ರೂಣದ ಚರ್ಮದಲ್ಲಿ ಪಟ್ಟೆಗಳ ನಕ್ಷೆ ಮೂಡುವಾಗ ಕೆಲಸ ಮಾಡುವ ಡಿಕೆಕೆ4 ಎಂಬ ಜೀನ್ ಬದಲಾದರೆ ಪಟ್ಟೆ ಅಳಿಸಿಹೋಗಿ ಮೈಯೆಲ್ಲ ಒಂದೇ ಸಮನೆ ಹೀಗಾಗುತ್ತದೆಂದು 2021ರಲ್ಲಿ ತಿಳಿದುಬಂತು. ಈಗ ಹಾಲೆಂಡಿನ ಲೈಡನ್ ಊರಿಗೆ ಹೋಗೋಣ. ಅಲ್ಲಿನ ನಿಸರ್ಗ ವಸ್ತುಸಂಗ್ರಹಾಲಯದಲ್ಲಿ 1830ರ ದಶಕದಲ್ಲಿ ಕೊಂಡ, ಹುಲ್ಲು ತುಂಬಿದ ಒಂದು ಬೆಕ್ಕಿದೆ. ಮೈ ಇದೇ ಬಗೆಯದು. ಅದರ ಚೀಟಿಯಲ್ಲಿ ಬರೆದಿರುವ ತವರು ಇಂಡಿಯಾ. ಜಗತ್ತಿನಾದ್ಯಂತ ಅಬಿಸಿನಿಯನ್ ಎಂದು ಹೆಸರಾದ, ಇಥಿಯೋಪಿಯದ್ದೆಂದು ಎಲ್ಲರೂ ನಂಬಿದ್ದ ತಳಿಯ ಮೂಲ ಹಿಂದೂ ಮಹಾಸಾಗರದ ಕರಾವಳಿಯಲ್ಲಿರಬಹುದೆಂದು ತಳಿವಿಜ್ಞಾನಿಗಳು ಹೇಳುವುದಕ್ಕೆ ಈ ಚೀಟಿಯೂ ಒಂದು ಆಧಾರ. ಹಡಗಿನ ಉಗ್ರಾಣದಲ್ಲಿ ಇಲಿ ಹಿಡಿಯಲು ಬೆಕ್ಕು ಬೇಕಿತ್ತು. ಹಡಗು ಹೋದಲ್ಲೆಲ್ಲ ಬೆಕ್ಕೂ ಹೋಯಿತು.

ಸಣ್ಣ ಬೆಕ್ಕು ಎಂದರೆ ಇಂದು ಪುಸ್ತಕಗಳೆಲ್ಲ ಮೊದಲು ಹೆಸರಿಸುವುದು ಸಿಂಗಪುರಾ ತಳಿಯನ್ನು. ಹೆಣ್ಣು ಎರಡು ಎರಡೂವರೆ ಕಿಲೋ, ಗಂಡು ಮೂರರ ಆಸುಪಾಸು. ದೊಡ್ಡ ಕಣ್ಣು, ದೊಡ್ಡ ಕಿವಿ, ಮೋಟು ಮೈ, ಟಿಕ್ಡ್ ಕೋಟು. 1975ರಲ್ಲಿ ಹಾಲ್ ಮತ್ತು ಟಾಮಿ ಮೆಡೋ ಎಂಬ ಅಮೆರಿಕದ ದಂಪತಿ ಮೂರು ಬೆಕ್ಕುಗಳೊಂದಿಗೆ ಸಿಂಗಪುರದಿಂದ ತಮ್ಮ ದೇಶಕ್ಕೆ ಮರಳಿ, ಇವು ಸಿಂಗಪುರದ ಚರಂಡಿಗಳಲ್ಲಿ ವಾಸಿಸುವ ಸ್ಥಳೀಯ ಬೆಕ್ಕುಗಳೆಂದು ಪರಿಚಯಿಸಿದರು. 1982ರಲ್ಲಿ ಅಮೆರಿಕದ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್ ತಳಿಯನ್ನು ನೋಂದಾಯಿಸಿಕೊಂಡಿತು. 1987ರಲ್ಲಿ ಮತ್ತೊಬ್ಬ ಬೆಕ್ಕು ಸಾಕಣೆಗಾರ ಸಿಂಗಪುರಕ್ಕೆ ಹೋಗಿ ಹಳೆಯ ಕಾಗದ ತೆಗೆಸಿ ನೋಡಿದರೆ, ಅದೇ ಮೂರು ಬೆಕ್ಕುಗಳು 1974ರಲ್ಲಿ ಅಮೆರಿಕದಿಂದಲೇ ಸಿಂಗಪುರಕ್ಕೆ ಬಂದಿಳಿದ ದಾಖಲೆ ಸಿಕ್ಕಿತು. ಇನ್ನೂ ಮುಂಚೆ ಸಿಂಗಪುರದಿಂದ ಕಳಿಸಿದ್ದ ಬೆಕ್ಕುಗಳ ಮೊಮ್ಮಕ್ಕಳವು ಎಂದು ಮೆಡೋ ದಂಪತಿ ಸಮಜಾಯಿಷಿ ಕೊಟ್ಟರು. ಸಂಸ್ಥೆ ವಿಚಾರಿಸಿ ತಳಿಯ ಮಾನ್ಯತೆಯನ್ನು ಉಳಿಸಿತು. ಸಿಂಗಪುರ ಸರ್ಕಾರವಂತೂ ಅದಕ್ಕೆ ಕುಚಿಂತಾ ಎಂದು ಹೆಸರಿಟ್ಟು ಪ್ರವಾಸೋದ್ಯಮದ ಗುರುತಾಗಿ ಮಾಡಿಕೊಂಡಿತು.

2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಲೆಸ್ಲಿ ಲಯನ್ಸ್ ಅವರ ತಂಡ ಜಗತ್ತಿನ ಬೆಕ್ಕುಗಳ ಡಿಎನ್‌ಎ ಹೋಲಿಸಿದಾಗ ಸಿಂಗಪುರಾ ಮತ್ತು ಬರ್ಮೀಸ್ ತಳಿಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಎರಡರಲ್ಲೂ ಜೀನ್ ವೈವಿಧ್ಯ ತೀರಾ ಕಡಿಮೆ. ಬರ್ಮೀಸ್ ತಳಿಯ ಕಥೆಯೂ ಸಮುದ್ರದ್ದೇ: 1930ರಲ್ಲಿ ಬರ್ಮಾದಿಂದ ಸ್ಯಾನ್ ಫ್ರಾನ್ಸಿಸ್ಕೋ ತಲುಪಿದ ವಾಂಗ್ ಮಾವ್ ಎಂಬ ಒಂದೇ ಒಂದು ಹೆಣ್ಣಿನಿಂದ ಆ ತಳಿ ಹಬ್ಬಿತು. ಬರ್ಮಾಕ್ಕೂ ಮದರಾಸಿಗೂ ಹಡಗಿನ ಓಡಾಟ ಎಷ್ಟಿತ್ತೆಂಬುದಕ್ಕೆ ಬಂದರಿನೆದುರಿನ ಬರ್ಮಾ ಬಜಾರೇ ಸಾಕ್ಷಿ. ನನ್ನ ಚೀಲದೊಳಗೆ ತೂಗುವ ಬೆಕ್ಕಿಗೂ ಸಾವಿರಾರು ಡಾಲರಿನ ಸಿಂಗಪುರಾಕ್ಕೂ ಮೈಯ ತೂಕ ಒಂದೇ, ಕೂದಲ ವಿನ್ಯಾಸ ಒಂದೇ. ಅದಕ್ಕೆ ಕಾಗದವಿದೆ, ಇದಕ್ಕಿಲ್ಲ. ಆದರೆ ಆ ಕಾಗದದ ಜೊತೆಗೆ ಒಳಸಂಬಂಧದ ದೌರ್ಬಲ್ಯವೂ ಬರುತ್ತದೆ. ಇದಕ್ಕೆ ಆ ಹೊರೆಯಿಲ್ಲ.

ಸಣ್ಣದೆಂದರೆ ಸಾಧು ಎಂಬ ನಂಬಿಕೆಯನ್ನು ಅಲುಗಿಸಲು ಚೆನ್ನೈನಿಂದ ಬಹಳ ದೂರ ಹೋಗಬೇಕಿಲ್ಲ. 1831ರಲ್ಲಿ ಫ್ರಾನ್ಸಿನ ಇಸಿಡೋರ್ ಜೆಫ್ರಾಯ್ ಸೇಂಟ್-ಇಲೇರ್ ಒಂದು ಕಾಡುಬೆಕ್ಕಿಗೆ ವೈಜ್ಞಾನಿಕ ಹೆಸರಿಟ್ಟರು. ಅವರ ಕೈಗೆ ಸಿಕ್ಕಿದ ಮಾದರಿ ಪುದುಚೇರಿಯಿಂದ ಹೋದದ್ದು. ಬೂದು ಮೈಮೇಲೆ ತುಕ್ಕು ಹಿಡಿದ ಕಬ್ಬಿಣದ ಬಣ್ಣದ ಚುಕ್ಕೆಗಳಿರುವ ಈ ತುಕ್ಕುಚುಕ್ಕೆಯ ಬೆಕ್ಕು ಜಗತ್ತಿನ ಅತಿ ಚಿಕ್ಕ ಕಾಡುಬೆಕ್ಕುಗಳಲ್ಲೊಂದು. ಏಷ್ಯಾದಲ್ಲಿ ಇದಕ್ಕಿಂತ ಚಿಕ್ಕದಿಲ್ಲ. ಪೂರ್ತಿ ಬೆಳೆದರೂ ಒಂದು ಒಂದೂವರೆ ಕಿಲೋ. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಕರ್ನಾಟಕದ ಕಾಡು, ಕುರುಚಲು, ಕಲ್ಲುಗುಡ್ಡಗಳಲ್ಲೂ ಇದೆ.

ಮದರಾಸಿನ ಸೇನಾ ವೈದ್ಯಕೀಯ ಸೇವೆಯಲ್ಲಿದ್ದ ಥಾಮಸ್ ಜೆರ್ಡನ್ ಎಂಬ ನಿಸರ್ಗತಜ್ಞರು ಚೆನ್ನೈನ ಉತ್ತರಕ್ಕಿರುವ ನೆಲ್ಲೂರಿನಲ್ಲಿದ್ದಾಗ, 1846ರಲ್ಲಿ, ಈ ಜಾತಿಯ ಎಳೆಮರಿಯೊಂದನ್ನು ಸಾಕಿದರು. ಮರಿ ಬೇಗ ಒಗ್ಗಿತು, ಬಂದವರೆಲ್ಲ ಅದರ ಆಟ ನೋಡಿ ಮೆಚ್ಚುತ್ತಿದ್ದರೆಂದು ಅವರು ಬರೆದಿಟ್ಟಿದ್ದಾರೆ. ಎಂಟು ತಿಂಗಳಾಗಿದ್ದಾಗ ಅದನ್ನು ಒಂದು ಚಿಂಕಾರ ಮರಿಯಿದ್ದ ಕೋಣೆಗೆ ಬಿಟ್ಟರು. ಕಂಡ ಕ್ಷಣವೇ ಹಾರಿ, ತನಗಿಂತ ಎಷ್ಟೋ ದೊಡ್ಡದಾದ ಆ ಮರಿಯ ಕುತ್ತಿಗೆಯ ಹಿಂಭಾಗಕ್ಕೆ ಬಾಯಿ ಹಾಕಿತು. ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು. ಒಂದು ಕಿಲೋ ತೂಕದ ಪ್ರಾಣಿ ಅದು!

ಪಳಗುವುದು ಒಂದು, ಸಾಕುಪ್ರಾಣಿಯಾಗುವುದು ಇನ್ನೊಂದು. ಒಂದು ಮರಿ ತನ್ನ ಜೀವಮಾನದಲ್ಲಿ ಮನುಷ್ಯನಿಗೆ ಒಗ್ಗಿಕೊಳ್ಳುವುದು ಪಳಗುವಿಕೆ. ಅದು ಆ ಮರಿಯೊಂದಿಗೇ ಮುಗಿಯುತ್ತದೆ. ಸಾಕುಪ್ರಾಣಿಯಾಗಲು ತಲೆಮಾರುಗಳು ಬೇಕು. ನಮ್ಮ ಮನೆಬೆಕ್ಕಿನ ಹಿರಿಯ ಪಶ್ಚಿಮ ಏಷ್ಯಾದ ಕಾಡುಬೆಕ್ಕು, ಫೆಲಿಸ್ ಲಿಬಿಕಾ. ಸುಮಾರು 10,000 ವರ್ಷಗಳ ಹಿಂದೆ ಅಲ್ಲಿ ಗೋಧಿ, ಜವೆಗೋಧಿಯ ಕಣಜಗಳು ಬಂದವು. ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಮನುಷ್ಯನನ್ನು ಕಂಡು ಓಡಿಹೋಗದ ಬೆಕ್ಕಿಗೆ ಹೊಟ್ಟೆ ತುಂಬಿತು, ಅದರ ಮರಿಗಳು ಉಳಿದವು. ಸೈಪ್ರಸ್ ದ್ವೀಪದಲ್ಲಿ 9,500 ವರ್ಷ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂಳಿದ್ದಾರೆ. ತುಕ್ಕುಚುಕ್ಕೆಯ ಬೆಕ್ಕು ಈ ದಾರಿಯಲ್ಲಿ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಕಬ್ಬಿನ ಗದ್ದೆಯಲ್ಲೋ ತೋಟದಲ್ಲೋ ಅದರ ಮರಿ ಕಂಡರೆ ಮುಟ್ಟದೆ ಬಿಟ್ಟುಬಿಡಿ, ತಾಯಿ ಮರಳಿ ಬರುತ್ತದೆ.

ಇನ್ನು ಮನುಷ್ಯನೇ ಕುಗ್ಗಿಸಿದ ಬೆಕ್ಕುಗಳು. ಇವುಗಳ ಬಗ್ಗೆ ಬರೆಯುವಾಗ ನನಗೆ ಸಂಕಟವಾಗುತ್ತದೆ. ಮಂಚ್‌ಕಿನ್ ಎಂಬ ಮೋಟುಗಾಲಿನ ತಳಿಯ ಚಿತ್ರಗಳು ಮೊಬೈಲಿನಲ್ಲಿ ಓಡಾಡುತ್ತಿರುತ್ತವೆ. ಅಮೆರಿಕದ ಲೂಯಿಸಿಯಾನಾದಲ್ಲಿ 1983ರಲ್ಲಿ ಸಿಕ್ಕಿದ ಒಂದು ಬೀದಿ ಬೆಕ್ಕಿನಿಂದ ಇದು ಬಂತು. ಕಾಲಿನ ಮೂಳೆ ಉದ್ದವಾಗಲು ಬೇಕಾದ ಮೃದ್ವಸ್ಥಿಯ ಬೆಳವಣಿಗೆಯನ್ನು ಒಂದು ಕೆಟ್ಟ ಜೀನ್ ತಡೆಯುತ್ತದೆ. ಒಂದು ಪ್ರತಿ ಬಂದರೆ ಕಾಲು ಮೋಟು. ತಂದೆ ತಾಯಿ ಇಬ್ಬರಿಂದಲೂ ಬಂದರೆ ಭ್ರೂಣ ಗರ್ಭದಲ್ಲೇ ಸಾಯುತ್ತದೆ. ಬಾಗಿದ ಕಿವಿಯ ಸ್ಕಾಟಿಷ್ ಫೋಲ್ಡ್ ಇನ್ನೊಂದು. 1961ರಲ್ಲಿ ಸ್ಕಾಟ್ಲೆಂಡಿನ ಒಂದು ತೋಟದಲ್ಲಿ ಸಿಕ್ಕಿದ ಸೂಸಿ ಎಂಬ ಬೆಕ್ಕಿನ ಸಂತತಿ. ಕಿವಿ ಬಾಗಿಸುವ ಜೀನ್ ಕಿವಿಯಲ್ಲಿ ಮಾತ್ರ ಕೆಲಸ ಮಾಡುವುದಿಲ್ಲ, ಮೈಯ ಎಲ್ಲ ಮೃದ್ವಸ್ಥಿಯಲ್ಲೂ ಮಾಡುತ್ತದೆ. ಕಾಲಿನ ಕೀಲು, ಬಾಲದ ಗಿಣ್ಣು ಗಂಟುಕಟ್ಟಿ ನೋಯುತ್ತವೆ. ಅದು ಓಡದೆ ಹಾರದೆ ಒಂದೆಡೆ ಕೂತಿರುವುದನ್ನು ನೋಡಿ ಎಷ್ಟು ಶಾಂತ ಸ್ವಭಾವ ಎಂದು ಮೆಚ್ಚುವವರಿದ್ದಾರೆ. ಕೀಲುನೋವಿನ ಅಜ್ಜಿ ಚಾಪೆ ಬಿಟ್ಟು ಏಳದಿದ್ದರೆ ಅದನ್ನು ಸ್ವಭಾವ ಅನ್ನುತ್ತೇವೆಯೆ?

ಟೀಕಪ್ ಬೆಕ್ಕು ಎಂಬ ತಳಿಯೇ ಇಲ್ಲ. ಅಮೆರಿಕದ ದೊಡ್ಡ ನೋಂದಣಿ ಸಂಸ್ಥೆಗಳು ಅದನ್ನು ಒಪ್ಪುವುದಿಲ್ಲ. ನಮ್ಮ ಪಕ್ಕದ ಬೀದಿಯವರು ಟೀಕಪ್ ಪರ್ಷಿಯನ್ ಎಂದು ನಂಬಿ ದುಬಾರಿ ಬೆಲೆಗೆ ಕೊಂಡು ತಂದ ಮರಿಯನ್ನು ನೋಡಲು ಕರೆದಿದ್ದರು. ಕಣ್ಣು ಸೋರುತ್ತಿತ್ತು, ಬೆನ್ನೆಲುಬು ಕೈಗೆ ಸಿಗುತ್ತಿತ್ತು. ತಾಯಿಯಿಂದ ಬೇಗ ಬಿಡಿಸಿ, ವಯಸ್ಸು ಹೆಚ್ಚಿಸಿ ಹೇಳಿ ಮಾರಿದ್ದರು. ತಾಯಿಯ ಹಾಲು ಕುಡಿಯಬೇಕಾದ ಪ್ರಾಯದ ಆ ಮರಿ ಹತ್ತು ದಿನ ಬದುಕಿತು.

ಪರ್ಷಿಯನ್ ಬೆಕ್ಕುಗಳು ಚೆನ್ನೈನಲ್ಲಿ ಈಗ ಬೇಕಾದಷ್ಟಿವೆ. ಡಾಲ್ ಫೇಸ್, ಸೆಮಿ ಪಂಚ್, ಪಂಚ್ ಫೇಸ್ ಎಂದು ಮುಖ ಚಪ್ಪಟೆಯಾದಷ್ಟೂ ಬೆಲೆ ಏರುತ್ತದೆ. ಸ್ವಭಾವದಲ್ಲಿ ನಿಜಕ್ಕೂ ನಿಧಾನಸ್ಥ, ಮನೆಯೊಳಗಿನ ಬೆಕ್ಕು, ಅದರಲ್ಲಿ ಸುಳ್ಳಿಲ್ಲ. ಆದರೆ ಊರಿನ ಹವೆಯನ್ನು ನೋಡಬೇಡವೆ? ಬೆಕ್ಕಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ. ಹೆದರಿದ ಬೆಕ್ಕನ್ನು ಪಶುವೈದ್ಯರ ಸ್ಟೀಲ್ ಮೇಜಿನ ಮೇಲೆ ನಿಲ್ಲಿಸಿದಾಗ ಒದ್ದೆ ಹೆಜ್ಜೆಗುರುತು ಮೂಡುವುದನ್ನು ನೋಡಿದವರಿಗೆ ಇದು ಗೊತ್ತು. ಸೆಕೆಯಲ್ಲಿ ಬೆಕ್ಕು ತನ್ನ ಮೈಯನ್ನು ನೆಕ್ಕಿ, ಉಗುಳು ಆರುವಾಗಿನ ತಂಪಿನಿಂದ ಬದುಕುತ್ತದೆ. ಕಡುಬೇಸಿಗೆಯ ಅಗ್ನಿ ನಕ್ಷತ್ರದ ದಿನಗಳಲ್ಲಿ ಇಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ, ಕಡಲ ಗಾಳಿಯ ತೇವ ಬೇರೆ. ತೇವದ ಗಾಳಿಯಲ್ಲಿ ಉಗುಳು ಆರುವುದಿಲ್ಲ, ದಟ್ಟ ಕೂದಲಿನೊಳಗೆ ಗಾಳಿ ಹೋಗುವುದಿಲ್ಲ, ಚಪ್ಪಟೆ ಮೂಗಿನಲ್ಲಿ ಏದುಸಿರು ಬಿಡಲೂ ದಾರಿ ಸಾಲದು. ಗಂಟುಗಟ್ಟಿದ ಕೂದಲ ಕೆಳಗೆ ಹುಳುಕಡ್ಡಿ ಹಬ್ಬಿ ಮನೆಯ ಮಕ್ಕಳ ತೋಳಿಗೂ ಬರುತ್ತದೆ. ಇದರ ಜೊತೆಗೆ ಮೂತ್ರಪಿಂಡದಲ್ಲಿ ನೀರುಗುಳ್ಳೆ ಕಟ್ಟುವ ಆನುವಂಶಿಕ ರೋಗ ಈ ತಳಿಯಲ್ಲಿ ಬಹಳ. ಅದರ ಜೀನ್ ದೋಷ 2004ರಲ್ಲಿ ಪತ್ತೆಯಾಗಿ ರಕ್ತಪರೀಕ್ಷೆ ಬಂದಿದೆ. ಪರ್ಷಿಯನ್ ಈಗಾಗಲೇ ಮನೆಗೆ ಬಂದಿದ್ದರೆ ಬೇಸಿಗೆಗೆ ಮುಂಚೆ ಹೊಟ್ಟೆಯಡಿಯ ಕೂದಲು ಕತ್ತರಿಸಿ, ದಿನಾ ಬಾಚಿ, ಕಣ್ಣು ಒರೆಸಿ, ಫ್ಯಾನಿನ ಕೆಳಗೆ ತಂಪು ನೆಲದ ಮೇಲೆ ಇರಲು ಬಿಡಿ. ಇನ್ನೂ ತಂದಿಲ್ಲದಿದ್ದರೆ ತರಬೇಡಿ.

ಬಿಸಿ ಪ್ರದೇಶದ ಬೆಕ್ಕುಗಳ ಮೈಕಟ್ಟೇ ಬೇರೆ. ಸಣ್ಣ ಮೈಯಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ಚರ್ಮ ಹೆಚ್ಚಿದ್ದಷ್ಟೂ ಒಳಗಿನ ಕಾವು ಹೊರಗೆ ಹೋಗುವುದು ಸುಲಭ. ತೆಳು ಸೊಂಟ, ಅಗಲ ಕಿವಿ, ಒಂದೇ ಪದರದ ತುಂಡು ಕೂದಲು ಇವೆಲ್ಲ ಸೆಕೆಗೆ ತಕ್ಕ ಏರ್ಪಾಡು. ಸಯಾಮೀಸ್ ತಳಿಯಲ್ಲಿ ಇನ್ನೂ ಸೊಗಸಾದ ಒಂದು ಸಂಗತಿಯಿದೆ. ಅದರ ಬಣ್ಣ ತಯಾರಿಸುವ ಕಿಣ್ವ ಬಿಸಿಗೆ ಕೆಲಸ ನಿಲ್ಲಿಸುತ್ತದೆ. ತಾಯಿಯ ಬೆಚ್ಚನೆಯ ಗರ್ಭದಿಂದ ಮರಿ ಬೆಳ್ಳಗೆ ಹುಟ್ಟಿ, ಆಮೇಲೆ ಮೈಯ ತಣ್ಣನೆಯ ತುದಿಗಳಾದ ಕಿವಿ, ಮೂತಿ, ಪಾದ, ಬಾಲ ಮಾತ್ರ ಕಪ್ಪಾಗುತ್ತವೆ. ಚಳಿಯ ಊರಿನಲ್ಲಿ ಬೆಳೆದದ್ದರ ಮೈ ಹೆಚ್ಚು ಕಪ್ಪು, ಬಿಸಿಯ ಊರಿನಲ್ಲಿ ಬೆಳೆದದ್ದು ತಿಳಿ.

ಹಾಗಾದರೆ ಸ್ವಭಾವ ತಳಿಯಲ್ಲಿಲ್ಲವೆ? ಇದೆ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ತಂಡ 2019ರಲ್ಲಿ 5,726 ಬೆಕ್ಕುಗಳ ಮಾಹಿತಿ ಸೇರಿಸಿ ನೋಡಿತು. 2021ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬೆಕ್ಕುಗಳ ಮೇಲೆ ಮತ್ತೊಂದು ಅಧ್ಯಯನ ನಡೆಯಿತು. ಅವುಗಳ ಪ್ರಕಾರ ರಷ್ಯನ್ ಬ್ಲೂ ಅಂಜುಬುರುಕ. ಹೊಸಬರು ಬಂದರೆ ಮಂಚದಡಿ ಸೇರುತ್ತದೆ. ಅಬಿಸಿನಿಯನ್ ಅಂಜಿಕೆಯಿಲ್ಲದ್ದು. ಬೆಂಗಾಲ್ ತಳಿಗೆ ಕೂತಲ್ಲಿ ಕೂರಲಾಗದು. ಬ್ರಿಟಿಷ್ ಶಾರ್ಟ್‌ಹೇರ್ ಜನರ ಹತ್ತಿರ ಹೋಗುವುದೇ ಕಡಿಮೆ, ಗುಂಗುರು ಕೂದಲಿನ ಪುಟಾಣಿ ಡೆವನ್ ರೆಕ್ಸ್ ಹೆಗಲ ಮೇಲೆ ಏರಿ ಕೂರುವಂಥದು. ಸಯಾಮೀಸ್ ಬಳಗದವು ಒಂಟಿ ಬಿಟ್ಟರೆ ಮೈಯನ್ನೇ ಅತಿಯಾಗಿ ನೆಕ್ಕಿಕೊಳ್ಳುವ ಗೀಳಿಗೆ ಬೀಳಬಹುದು. ಇಡೀ ದಿನ ಐಟಿ ಕಾರಿಡಾರಿನ ಆಫೀಸಿನಲ್ಲಿರುವ ಗಂಡ ಹೆಂಡತಿ ಸಯಾಮೀಸ್ ಒಂದನ್ನೇ ತಂದು ಮನೆಯಲ್ಲಿ ಬಿಟ್ಟುಹೋಗುವುದು ತಪ್ಪು. ಅದಕ್ಕೆ ಮಾತು ಬೇಕು, ಜೊತೆ ಬೇಕು.

2019ರ ಅಧ್ಯಯನ ಹೇಳಿದ ಮುಖ್ಯ ಅಂಕಿ ಇನ್ನೊಂದಿದೆ. ಬೆಕ್ಕು ಬೆಕ್ಕಿನ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ರಕ್ತದಿಂದ ಬರುವ ಪಾಲು ಹೆಚ್ಚುಕಡಿಮೆ ಅರ್ಧ. ಉಳಿದರ್ಧ ಎಲ್ಲಿಂದ ಬರುತ್ತದೆ?

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲ ಗೊತ್ತು. ಎಳೆಯದರಲ್ಲಿ ಸುಡುವ ಹಾಲಿಗೆ ಮೂತಿಯಿಟ್ಟ ಬೆಕ್ಕು ಆಮೇಲೆ ಹಾಲು ಕಂಡರೇ ಓಡಿತು. ಕಥೆ ಕಟ್ಟಿದವರು ಬೆಕ್ಕನ್ನು ಬಲ್ಲವರು. 1980ರ ದಶಕದಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಷ್ ಮರಿಗಳನ್ನು ದಿನಕ್ಕೆ ಇಂತಿಷ್ಟು ನಿಮಿಷವೆಂದು ಎತ್ತಿಕೊಂಡು ಮುದ್ದಿಸಿ ಪರೀಕ್ಷೆ ಮಾಡಿದರು. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಅವಧಿಯಲ್ಲಿ ಮನುಷ್ಯನ ಕೈ ತಾಗಿದ ಮರಿ ಮುಂದೆ ಮನುಷ್ಯನ ಬಳಿ ತಾನಾಗಿ ಬಂತು. ದಿನಕ್ಕೆ 15 ನಿಮಿಷ ಎತ್ತಿಕೊಂಡವಕ್ಕಿಂತ 40 ನಿಮಿಷ ಎತ್ತಿಕೊಂಡವು ಹೆಚ್ಚು ಹಚ್ಚಿಕೊಂಡವು. ಆ ಅವಧಿ ದಾಟಿದ ಮೇಲೆ ಸಿಕ್ಕಿದ ಮರಿಯೂ ಪಳಗುತ್ತದೆ, ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು. 1995ರಲ್ಲಿ ಸಾಂಡ್ರಾ ಮೆಕ್‌ಕ್ಯೂನ್ ಪ್ರಕಟಿಸಿದ ಸಂಗತಿಯಂತೂ ನನಗೆ ಇಂದಿಗೂ ಬೆರಗು: ಅಪ್ಪ ಬೆಕ್ಕು ಸ್ನೇಹಪರವಾಗಿದ್ದರೆ, ಅಪ್ಪನ ಮುಖವನ್ನೇ ನೋಡದ ಮರಿಗಳೂ ಧೈರ್ಯವಂತವಾಗಿದ್ದವು. ತಾಯಿಯ ನಡತೆ ನೋಡಿ ಕಲಿತವು ಎನ್ನಬಹುದು, ಅಪ್ಪನದು ರಕ್ತದಲ್ಲೇ ಬರಬೇಕು.

ನಮ್ಮ ಬೆಕ್ಕು ಸ್ಕೂಟರಿನಡಿ ಸಿಕ್ಕಾಗ ಐದಾರು ವಾರದ್ದಿರಬೇಕು. ಆಗಷ್ಟೇ ಹಲ್ಲು ಬಂದಿತ್ತು. ಮೊದಲ ಮೂರು ದಿನ ಬಟ್ಟೆ ಬುಟ್ಟಿಯ ಹಿಂದೆ ಕೂತು ಹುಸ್ಸೆನ್ನುತ್ತಿತ್ತು. ನನ್ನ ಹೆಂಡತಿ ಅದನ್ನು ಹಿಡಿಯಲು ಹೋಗಲಿಲ್ಲ. ಬುಟ್ಟಿಯ ಪಕ್ಕ ನೆಲದ ಮೇಲೆ ಕೂತು ಅವರೆಕಾಳು ಸುಲಿಯುತ್ತ, ಬೇಯಿಸಿದ ನೆತ್ತಿಲಿ ಮೀನಿನ ಚೂರು ಬೆರಳ ತುದಿಯಲ್ಲಿಟ್ಟು ಬೇರೆಡೆ ನೋಡುತ್ತಿದ್ದಳು. ನಾಲ್ಕನೆಯ ದಿನ ಒಂದು ಒರಟು ನಾಲಿಗೆ ಬೆರಳಿಗೆ ತಾಗಿತು. ಬೆಕ್ಕನ್ನು ದುರುಗುಟ್ಟಿ ನೋಡಬಾರದು, ಕಣ್ಣು ಅರೆಮುಚ್ಚಿ ನಿಧಾನವಾಗಿ ತೆರೆಯಬೇಕು. ಹಾಗೆ ಮಾಡಿದರೆ ಬೆಕ್ಕೂ ಕಣ್ಣು ಅರೆಮುಚ್ಚುತ್ತದೆ, ಅಪರಿಚಿತರ ಬಳಿಗೂ ಬರುತ್ತದೆ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಇದನ್ನು ಈಗಲೇ ಮಾಡಿ ನೋಡಬಹುದು, ಖರ್ಚಿಲ್ಲ.

ಬೆಕ್ಕು ಕಣ್ಣು ಮುಚ್ಚಿದರೆ ನಾವು ಕಳ್ಳಹಾಲಿನ ಗಾದೆ ಹೇಳುತ್ತೇವೆ. ಚೆನ್ನೈನಿಂದ ದಕ್ಷಿಣಕ್ಕೆ ಮಾಮಲ್ಲಪುರದಲ್ಲಿ, ಏಳನೆಯ ಶತಮಾನದ ಪಲ್ಲವ ಶಿಲ್ಪಿಗಳು ಬಂಡೆಯ ಮೇಲೆ ಬಿಡಿಸಿದ ಮಹಾಶಿಲ್ಪದ ಕೆಳಮೂಲೆಯಲ್ಲಿ, ಆನೆಗಳ ಕಾಲ ಬಳಿ, ಒಂದು ಬೆಕ್ಕು ಮುಂಗಾಲುಗಳನ್ನು ತಲೆಯ ಮೇಲೆತ್ತಿ ತಪಸ್ಸು ಮಾಡುತ್ತ ನಿಂತಿದೆ. ಪಕ್ಕೆಲುಬು ಎದ್ದು ಕಾಣುತ್ತವೆ. ಸುತ್ತ ಇಲಿಗಳು ನಂಬಿ ನೆರೆದಿವೆ. ಕಪಟ ಸನ್ಯಾಸಿ ಬೆಕ್ಕಿನ ಕಥೆ ಮಹಾಭಾರತದಲ್ಲೂ ಇದೆ. ಮನುಷ್ಯ ಬೆಕ್ಕಿನ ಮೇಲೆ ಹೊರಿಸಿದ ಆರೋಪ ಇಷ್ಟು ಹಳೆಯದು. ಆದರೆ ಬೆಕ್ಕು ಗುಂಪಿನ ಪ್ರಾಣಿಯಲ್ಲ. ಒಂಟಿಯಾಗಿ ಬೇಟೆಯಾಡಿ ಬದುಕಿದ ಕುಲ. ನಾಯಿಯಂತೆ ಹುಬ್ಬು ಎತ್ತಿ ಮುಖದಲ್ಲೇ ಎಲ್ಲ ಹೇಳುವ ಸ್ನಾಯುಗಳ ಬಳಕೆ ಅದಕ್ಕಿಲ್ಲ. ಮುಖ ಓದಲು ಬಾರದಾಗ ಕಪಟಿ ಅಂದೆವು. ಬಾಲ ಓದಬೇಕು: ನೆಟ್ಟಗೆ ನಿಂತ ಬಾಲ ಸ್ನೇಹ, ಪಟಪಟ ಬಡಿಯುವ ಬಾಲ ಸಾಕು ಬಿಡು ಎಂಬ ಮಾತು. ಮುದ್ದಿಸುವಾಗ ಕಚ್ಚಿತು ಎಂದು ದೂರುವವರು ಹೆಚ್ಚಾಗಿ ಬಾಲ ನೋಡದವರು.

ನಮ್ಮ ಮನೆಗಳ ಮಟ್ಟಿಗೆ ಹೇಳಲೇಬೇಕಾದ ಎರಡು ಮಾತು. ಮೈಲಾಪುರ, ಟಿ. ನಗರದ ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕಿಗೂ ಮೊಸರನ್ನವೇ. ಪ್ರೀತಿಯಿಂದ ಹಾಕುತ್ತಾರೆ, ಬೆಕ್ಕೂ ತಿನ್ನುತ್ತದೆ. ಆದರೆ ಬೆಕ್ಕಿನ ಮೈಗೆ ಬೇಕಾದ ಟಾರಿನ್ ಎಂಬ ಅಂಶ ಮಾಂಸ, ಮೀನಿನಲ್ಲಿ ಮಾತ್ರ ಸಾಕಷ್ಟು ಸಿಗುತ್ತದೆ. ಅದನ್ನು ತಾನೇ ಬೇಕಾದಷ್ಟು ತಯಾರಿಸಿಕೊಳ್ಳಲು ಬೆಕ್ಕಿಗೆ ಆಗದು. ಟಾರಿನ್ ಇಲ್ಲದಿದ್ದರೆ ತಿಂಗಳುಗಳಲ್ಲಿ ಕಣ್ಣಿನ ಅಕ್ಷಿಪಟಲ ಹಾಳಾಗಿ ಕುರುಡಾಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಅಡುಗೆಮನೆಗೆ ಮೀನು ಬಾರದಿದ್ದರೆ ಟಾರಿನ್ ಸೇರಿಸಿದ ಬೆಕ್ಕಿನ ತಿಂಡಿಯನ್ನು ಕೊಂಡು ಹಾಕಿ. ಎರಡನೆಯದು ಜ್ವರದ ಮಾತ್ರೆ. ಮನೆಯಲ್ಲಿರುವ ಪ್ಯಾರಸಿಟಮಾಲ್ ಅರ್ಧ ಮಾತ್ರೆ ಕೂಡ ಬೆಕ್ಕನ್ನು ಕೊಲ್ಲಬಲ್ಲದು, ಅದನ್ನು ಕರಗಿಸಿ ಹೊರಹಾಕುವ ಕಿಣ್ವವೇ ಬೆಕ್ಕಿನ ಯಕೃತ್ತಿನಲ್ಲಿ ಕೆಲಸ ಮಾಡುವುದಿಲ್ಲ. ಬೆಕ್ಕು ಮಂಕಾಗಿದ್ದರೆ ವೈದ್ಯರ ಬಳಿ ಹೋಗಿ. ಚೆನ್ನೈನವರಿಗೆ ವೇಪೇರಿಯಲ್ಲಿ 1903ರಲ್ಲಿ ಶುರುವಾದ ಮದ್ರಾಸ್ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ.

ಈ ಊರಿಗೆ ಪ್ರಾಣಿದಯೆಯ ಒಂದು ದೊಡ್ಡ ಪರಂಪರೆಯೇ ಇದೆ. ರುಕ್ಮಿಣಿದೇವಿ ಅರುಂಡೇಲ್ ಅಧ್ಯಕ್ಷತೆಯಲ್ಲಿ 1962ರಲ್ಲಿ ಹುಟ್ಟಿದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ದಶಕಗಳ ಕಾಲ ಇಲ್ಲಿಂದಲೇ ಕೆಲಸ ಮಾಡಿತು. 1959ರಲ್ಲಿ ಬ್ಲೂ ಕ್ರಾಸ್ ಸಂಸ್ಥೆಯನ್ನು ಕಟ್ಟಿದ ಕ್ಯಾಪ್ಟನ್ ವಿ. ಸುಂದರಂ ಅದಕ್ಕೆ ಮುಂಚೆ ಮೈಸೂರು ಮಹಾರಾಜರ ವಿಮಾನ ಚಾಲಕರಾಗಿದ್ದವರು. ಬೀದಿ ನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಮಾಡಿ ಎಂದು ದೇಶಕ್ಕೆ ಮೊದಲು ಹೇಳಿದವರಲ್ಲಿ ಈ ಸಂಸ್ಥೆಯೂ ಒಂದು. ಬೆಕ್ಕಿಗೂ ಅದೇ ದಾರಿ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗರ್ಭ ಕಟ್ಟುತ್ತದೆ, 63 ರಿಂದ 65 ದಿನಕ್ಕೆ ಮರಿ ಹಾಕುತ್ತದೆ, ನಮ್ಮಂಥ ಬಿಸಿಲ ನಾಡಿನಲ್ಲಿ ವರ್ಷಕ್ಕೆ ಎರಡು ಮೂರು ಸಲ. ಆ ಮರಿಗಳಲ್ಲಿ ಬಹುಪಾಲು ಮೊದಲ ಮಳೆಗಾಲವನ್ನು ದಾಟುವುದಿಲ್ಲ.

ಆದ್ದರಿಂದ ಫೋನ್ ಮಾಡುವ ಗೆಳೆಯರಿಗೆ ನಾನು ಹೇಳುವುದು ಇಷ್ಟು. ತಳಿಯ ಹೆಸರು ಕೇಳುವುದನ್ನು ಬಿಡಿ. ಎಂಟು ವಾರ ತಾಯಿಯ ಜೊತೆ ಇದ್ದ, ಮನೆಮಂದಿಯ ನಡುವೆ ಬೆಳೆದ ನಾಟಿ ಮರಿಯನ್ನು ಹುಡುಕಿ. ಹೋದವರು ನೆಲದ ಮೇಲೆ ಕೂತುಕೊಳ್ಳಿ, ಮರಿ ತಾನಾಗಿ ಬರುವವರೆಗೆ ಕಾಯಿರಿ. ಸಾಧ್ಯವಾದರೆ ಒಂದೇ ಸೂಲಿನ ಎರಡನ್ನು ತನ್ನಿ. ಬಾಲ್ಕನಿಗೆ ಬಲೆ ಹಾಕಿಸಿ, ಲಸಿಕೆ ಹಾಕಿಸಿ, ಐದನೆಯ ತಿಂಗಳಿಗೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಿ. ಹದಿನೈದು ವರ್ಷ ಅದರ ಜೊತೆ ಇರಲು ಮನಸ್ಸಿದ್ದರೆ ಮಾತ್ರ ಎತ್ತಿಕೊಳ್ಳಿ.